ಕೇಳಿ, ಹೇಳ್ತೀನಿ: ಭೀಮೆಯ ಗುಂಟ ಒಂದು ವ್ಯಾನು

ಪ್ರಶ್ನೆ: ಅಕ್ಕಾ, ನಮ್ಮ ಮನೆಯವರು ಹೋದ ವರ್ಷ ರಿಟೈರ್ ಆದರು. ಈಗ ಒಂದು ಹಳೇ ಟೆಂಪೊ ಟ್ರಾವೆಲರ್ ಕೊಂಡು, ಸೀಟು ಕಿತ್ತು, ಮಂಚ-ಒಲೆ ಕೂಡಿಸಿ, ಇಬ್ಬರೇ ನಾಸಿಕದ ವೈನ್ ತೋಟಗಳಿಗೆ ಹೋಗಿಬರೋಣ ಅಂತ ಹಟ ಹಿಡಿದಿದ್ದಾರೆ. ನಾಲ್ಕೇ ದಿನದ ಪ್ಲಾನು. ನಾನು ವೈನ್ ಮುಟ್ಟಿದವಳಲ್ಲ. ಹೋದ ವರ್ಷ ನೀವಿಬ್ಬರೂ ಇಂಥದ್ದೇ ಗಾಡಿಯಲ್ಲಿ ತಿರುಗಾಡಿ ಬಂದಿರಂತೆ. ಹೋಗಲೋ ಬೇಡವೋ?
– ಹೆಸರು ಬೇಡ, ಕಲಬುರಗಿ

ಉತ್ತರ: ಹೋಗಿ ತಂಗಿ. ಆದರೆ ಗಾಡಿ ಕೊಳ್ಳಬೇಡಿ. ನಾಸಿಕವೂ ಸದ್ಯಕ್ಕೆ ಬೇಡ.

ಮೊದಲು ಗಾಡಿ ಮಾತು. ಕಂಪನಿ ಮಾಡಿಕೊಟ್ಟ ವಾಹನವನ್ನು ನಮಗೆ ಬೇಕಾದ ಹಾಗೆ ಬದಲಿಸೋಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡೋದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಆರ್‌ಸಿಯಲ್ಲಿ ಒಂದು, ಒಳಗೆ ಇನ್ನೊಂದು ಇದ್ದರೆ ನಾಳೆ ಏನಾದರೂ ಆದಾಗ ವಿಮೆಯವರು ತಕರಾರು ತೆಗೀತಾರೆ. ಮಂಚ-ಒಲೆ ಕೂಡಿಸಿಯೇ ಬಾಡಿಗೆಗೆ ಸಿಗುವ ಕ್ಯಾಂಪರ್ ವ್ಯಾನ್ ತಗೊಳ್ಳಿ. ಲೈಸೆನ್ಸಿನ ಚಿಂತೆ ಬೇಡ. 7,500 ಕಿಲೊ ಒಳಗಿನ ಗಾಡಿಗೆ ಕಾರಿನ ಲೈಸೆನ್ಸೇ ನಡೆಯುತ್ತೆ ಅಂತ 2024ರ ನವೆಂಬರಿನಲ್ಲಿ ಕೋರ್ಟ್ ಸ್ಪಷ್ಟ ಮಾಡಿದೆ.

ನಾಸಿಕ ಯಾಕೆ ಬೇಡ ಅಂದೆ? ಕಲಬುರಗಿಯಿಂದ ಹತ್ತಿರ ಹತ್ತಿರ 500 ಕಿ.ಮೀ. ಹೋಗೋದಕ್ಕೆ ಒಂದೂವರೆ ದಿನ, ಬರೋದಕ್ಕೆ ಒಂದೂವರೆ ದಿನ. ಇಂಥ ಗಾಡಿ ಕಾರಿನ ಹಾಗೆ ಓಡಲ್ಲ. ತಿರುವಿನಲ್ಲಿ ಒಳಗಿನ ಪಾತ್ರೆಯೆಲ್ಲ ಭಜನೆ ಶುರು ಮಾಡ್ತವೆ. ಉಳಿದ ಒಂದು ದಿನದಲ್ಲಿ ಏನು ನೋಡ್ತೀರಿ? ವೈನ್ ತೋಟ ಸೊಲ್ಲಾಪುರ ಜಿಲ್ಲೆಯಲ್ಲೇ ಇದೆ. ಅಕಲೂಜದ ಹತ್ತಿರ ಮೋಟೆವಾಡಿ, ಫ್ರಾಟೆಲ್ಲಿ ಅನ್ನೋ ವೈನ್ ಕಂಪನಿಯವರದ್ದು. ನಮ್ಮಿಂದ ನಾಸಿಕದ ಅರ್ಧ ದೂರವೂ ಇಲ್ಲ. ಇಟಾಲಿಯನ್ ಭಾಷೆಯಲ್ಲಿ ಫ್ರಾಟೆಲ್ಲಿ ಅಂದರೆ ಅಣ್ಣತಮ್ಮಂದಿರು. ಮೂರು ಜೋಡಿ ಅಣ್ಣತಮ್ಮಂದಿರು ಸೇರಿ ಕಟ್ಟಿದ್ದು. ಒಂದು ಜೋಡಿ ಇಟಲಿಯವರು.

ನಾವು ಮಾಡಿದ್ದು ಹೀಗೆ. ರೈಲಿನಲ್ಲಿ ಪುಣೆಗೆ ಹೋದೆವು, ಅಲ್ಲಿ ವ್ಯಾನ್ ಹತ್ತಿದೆವು, ಭೀಮಾ ನದಿಯ ಜೊತೆಜೊತೆಗೇ ಮನೆ ಕಡೆ ಇಳಿದೆವು. ಭಿಗವಣ, ಅಕಲೂಜ, ಪಂಢರಪುರ, ಸೊಲ್ಲಾಪುರ, ಅಕ್ಕಲಕೋಟೆ, ಗಾಣಗಾಪುರ, ಮನೆ. ಐದು ರಾತ್ರಿ. ಗಾಡಿ ವಾಪಸ್ ಒಯ್ಯೋಕೆ ಬಾಡಿಗೆಯವರ ಡ್ರೈವರ್ ಕಲಬುರಗಿಗೆ ಬಂದ. ಅದಕ್ಕೆ ಬೇರೆ ದುಡ್ಡು, ಮೊದಲೇ ಮಾತಾಡಿಕೊಳ್ಳಿ.

ಈಗ ನನ್ನ ತಪ್ಪು ಹೇಳ್ತೀನಿ. ಮನೆಯಿಂದ ಖಡಕ್ ರೊಟ್ಟಿ, ಒಂದು ದೊಡ್ಡ ಡಬ್ಬಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಒಯ್ದಿದ್ದೆ. ಬೆಳ್ಳುಳ್ಳಿ ಜಾಸ್ತಿ ಹಾಕಿ ಕುಟ್ಟಿದ್ದು. ಡಬ್ಬಿಯನ್ನು ಮೇಲಿನ ಕಪಾಟಿನಲ್ಲಿ ಇಟ್ಟೆ. ಭಿಗವಣ ಇನ್ನೂ ಬಂದಿರಲಿಲ್ಲ, ಒಂದು ಸ್ಪೀಡ್ ಬ್ರೇಕರ್‌ಗೆ ಕಪಾಟಿನ ಬಾಗಿಲು ತೆರೆದುಕೊಂಡಿತು, ಹಿಂಡಿ ಹಾಸಿಗೆ ಮೇಲೆ. ದಿಂಬಿನ ಹೊಲಿಗೆಯೊಳಗೂ ಹಿಂಡಿ. ಝಾಡಿಸಿದಷ್ಟೂ ಬಂತು.

ಮಾರನೇ ದಿನ ಮೋಟೆವಾಡಿಯಲ್ಲಿ ರುಚಿ ನೋಡಿಸುವ ಹುಡುಗ ಗ್ಲಾಸಿನ ತಳದಲ್ಲಿ ಎರಡು ಬೆರಳು ಕೆಂಪು ವೈನ್ ಹಾಕಿ, ಗರಗರ ತಿರುಗಿಸಿ, ಮೂಗು ಒಳಗೆ ಇಡಿ ಅಂದ. ಇದು ಸಾಂಜೊವೇಸೆ ಅನ್ನೋ ಇಟಲಿಯ ದ್ರಾಕ್ಷಿ, ಚೆರ್ರಿ ಹಣ್ಣಿನ ವಾಸನೆ ಬರ್ತದಾ ಅಂತ ಕೇಳಿದ. ನನಗೆ ಬಂದದ್ದು ಬೆಳ್ಳುಳ್ಳಿ. ನನ್ನ ದುಪಟ್ಟಾದಿಂದಲೇ! ನಮ್ಮವರು ಮಾತ್ರ ಬಹಳ ಗಂಭೀರವಾಗಿ ‘ಹೌದು, ಚೆರ್ರಿ’ ಅಂದರು. ಅವರು ಜೀವಮಾನದಲ್ಲಿ ಚೆರ್ರಿ ತಿಂದದ್ದು ಬೇಕರಿ ಕೇಕಿನ ಮೇಲೆ ಅಷ್ಟೇ.

ನಾನೂ ಕುಡಿಯುವವಳಲ್ಲ. ಬಾಯಲ್ಲಿ ಇಟ್ಟು ಉಗುಳೋದಕ್ಕೆ ಪಾತ್ರೆ ಇಟ್ಟಿರ್ತಾರೆ, ಉಗುಳಿದರೆ ಯಾರೂ ತಪ್ಪು ತಿಳಿಯಲ್ಲ. ನನಗೆ ಇಷ್ಟವಾದದ್ದು ತೋಟ. ವೈನ್ ದ್ರಾಕ್ಷಿ ನಮ್ಮ ವಿಜಯಪುರದ ಥಾಮ್ಸನ್ ಹಾಗೆ ಉದ್ದಕ್ಕೆ, ಬೀಜವಿಲ್ಲದೆ ಇರೋದಿಲ್ಲ. ಗುಂಡಗೆ, ಸಣ್ಣಗೆ, ಸಿಪ್ಪೆ ದಪ್ಪ, ಬೀಜ ಹಲ್ಲಿಗೆ ಸಿಗುತ್ತೆ. ಆದರೆ ಸಿಹಿ ಅಂದರೆ ಬೆರಳು ಅಂಟುವಷ್ಟು ಸಿಹಿ. ಕೆಂಪು ಬಣ್ಣವೆಲ್ಲ ಆ ಸಿಪ್ಪೆಯಿಂದಲೇ ಬರೋದು. ಇಟಲಿಯಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆ ಉದುರಿಸಿ ಮಲಗುತ್ತೆ. ನಮ್ಮ ಕಡೆ ಅಂಥ ಚಳಿ ಎಲ್ಲಿ? ಅದಕ್ಕೇ ಏಪ್ರಿಲಿನಲ್ಲಿ ಒಮ್ಮೆ, ಅಕ್ಟೋಬರ್ ಸುಮಾರಿಗೆ ಒಮ್ಮೆ, ಎರಡು ಸಲ ಕತ್ತರಿ ಆಡಿಸ್ತಾರೆ. ಹಣ್ಣು ಬಿಡಿಸೋದು ಜನವರಿಯಿಂದ ಮಾರ್ಚ್. ನೀವು ಫೆಬ್ರುವರಿಯಲ್ಲಿ ಹೋಗಿ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಸೀಮೆಯ ಬಿಸಿಲಿಗೆ ತಗಡಿನ ಗಾಡಿಯಲ್ಲಿ ಮಲಗೋದು ಅಂದರೆ ರೊಟ್ಟಿ ಹಂಚಿನ ಮೇಲೆ ಮಲಗಿದಂತೆ.

ನಿಮ್ಮ ಮನೆಯವರಿಗೆ ಒಂದು ಮಾತು ಖಡಾಖಂಡಿತ ಹೇಳಿ. ರುಚಿ ನೋಡಿದ ದಿನ ಸ್ಟೇರಿಂಗ್ ಮುಟ್ಟುವಂತಿಲ್ಲ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ದಾಟಿದರೆ ಕೇಸು. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಕೆಲವೊಮ್ಮೆ ಎರಡೂ. ಮುಂಚೆಯೇ ಫೋನ್ ಮಾಡಿ, ಅಲ್ಲೇ ರಾತ್ರಿ ಉಳಿಯೋಕೆ ವ್ಯವಸ್ಥೆ ಏನು ಅಂತ ಕೇಳಿಕೊಂಡು ಹೋಗಿ.

ಊರುಗಳ ಬಗ್ಗೆ. ಭಿಗವಣದಲ್ಲಿ ಉಜನಿ ಡ್ಯಾಮಿನ ಹಿನ್ನೀರಿಗೆ ಚಳಿಗಾಲದಲ್ಲಿ ಫ್ಲೆಮಿಂಗೊ ಬರ್ತವೆ, ಬೆಳಗಿನ ಜಾವ ದೋಣಿ ಹತ್ತಿ. ಪಂಢರಪುರದಲ್ಲಿ ಮಾಘ ಏಕಾದಶಿ ತಪ್ಪಿಸಿ. ಅದು ಇದೇ ಸೀಸನ್ನಿಗೆ ಬರುತ್ತೆ, ವ್ಯಾನ್ ನಿಲ್ಲಿಸೋಕೆ ಜಾಗ ಸಿಗಲ್ಲ. ಅಲ್ಲಿ ನದಿ ಅರ್ಧಚಂದ್ರದ ಹಾಗೆ ಬಾಗುತ್ತೆ, ಅದಕ್ಕೆ ಚಂದ್ರಭಾಗಾ ಅಂತಾರೆ. ನೀರು ನಮ್ಮ ಭೀಮೆಯದ್ದೇ. ಸೊಲ್ಲಾಪುರ ಅಂದರೆ ವಚನಕಾರ ಸಿದ್ಧರಾಮನ ಸೊನ್ನಲಿಗೆ. ಕೆರೆ ನಡುವಿನ ಗುಡಿಯಲ್ಲಿ ಪಕ್ಕ ಕೂತ ಅಜ್ಜಿ ನನ್ನ ಜೊತೆ ಕನ್ನಡ, ಸೊಸೆ ಜೊತೆ ಮರಾಠಿ ಮಾತಾಡಿದರು, ಉಸಿರು ತೆಗೆದುಕೊಳ್ಳದೆ. ಚಾದರ್ ಕೊಳ್ಳಿ. ನಮ್ಮ ದತ್ತ ಕ್ಷೇತ್ರ ಗಾಣಗಾಪುರವನ್ನು ನಿಮಗೆ ನಾನೇನು ಹೇಳಲಿ? ಆದರೆ ಒಂದು ರಾತ್ರಿ ಸಂಗಮದ ಕಡೆ ಉಳಿದು ನೋಡಿ. ಮಧ್ಯಾಹ್ನದ ಮಧುಕರಿಗೆ, ಅಂದರೆ ದತ್ತನ ಹೆಸರಿನ ಭಿಕ್ಷೆಗೆ, ನಾನು ಜೋಳಿಗೆ ಹಿಡಿದು ಐದು ಮನೆ ತಿರುಗಿದೆ. ಎರಡು ದಿನದ ಹಿಂದೆ ಗ್ಲಾಸು ಹಿಡಿದಿದ್ದ ಕೈ. ನಮ್ಮವರು ಫೋಟೊ ತೆಗೆಯೋಕೆ ಬಂದರು, ಗದರಿಸಿ ಕಳಿಸಿದೆ.

ಹಿಂಡಿ ಡಬ್ಬಿಯನ್ನು ಮಾತ್ರ ಕೆಳಗೆ, ಕಾಲ ಬಳಿ ಇಟ್ಟುಕೊಳ್ಳಿ.

ಪ್ರಶ್ನೆ: ಮೇಡಮ್, ಇಂಥ ವ್ಯಾನಿನಲ್ಲಿ ಶೌಚಾಲಯ, ಕರೆಂಟು ಹೇಗೆ? ಕೇಳೋಕೆ ಸಂಕೋಚ.
– ಓದುಗರೊಬ್ಬರು, ಹುಮನಾಬಾದ್

ಉತ್ತರ: ಸಂಕೋಚ ಯಾಕೆ, ಎಲ್ಲರೂ ಮೊದಲು ಕೇಳೋದು ಇದನ್ನೇ. ಕಮೋಡ್ ಸೀಟಿನ ಕೆಳಗೆ ಸೂಟ್‌ಕೇಸಿನ ಹಾಗಿನ ಡಬ್ಬಿ ಇರುತ್ತೆ. ತುಂಬಿದಾಗ ಎಳೆದುಕೊಂಡು ಹೋಗಿ ಯಾವುದಾದರೂ ಶೌಚಾಲಯದಲ್ಲಿ ಖಾಲಿ ಮಾಡಬೇಕು. ಹೊಲಕ್ಕಲ್ಲ, ಹಳ್ಳಕ್ಕಲ್ಲ. ಈ ಕೆಲಸ ಯಾರದ್ದು ಅಂತ ಹೊರಡುವ ಮುಂಚೆ ತೀರ್ಮಾನ ಮಾಡಿಕೊಳ್ಳಿ. ನಮ್ಮಲ್ಲಿ ಅದು ನಮ್ಮ ಮನೆಯವರದ್ದು. ಆದಷ್ಟು ಪೆಟ್ರೋಲ್ ಬಂಕಿನದ್ದನ್ನೇ ಬಳಸಿದೆವು.

ಕರೆಂಟಿಗೆ ಎರಡನೇ ಬ್ಯಾಟರಿ ಇರುತ್ತೆ. ಎರಡು ರಾತ್ರಿ ಬರುತ್ತೆ ಅಂತ ಬಾಡಿಗೆಯವರು ಹೇಳಿದ್ದರು. ಮೊದಲ ರಾತ್ರಿ ಎರಡು ಗಂಟೆಗೇ ಫ್ಯಾನ್ ನಿಂತಿತು. ಗಾಡಿ ತಗೊಳ್ಳುವಾಗ ಫ್ರಿಜ್ಜು, ಫ್ಯಾನು, ದೀಪ ಎಲ್ಲ ಒಟ್ಟಿಗೆ ಹಾಕಿ ಒಂದು ತಾಸು ಅಲ್ಲೇ ಕೂತು ನೋಡಿ. ಒಲೆ ಉರಿಸುವಾಗ ಕಿಟಕಿ ತೆರೆದಿರಲಿ. ಸೊಳ್ಳೆ ಪರದೆ ಮರೀಬೇಡಿ, ನದಿ ದಂಡೆ ಅದು.