ಗದಗಿಗೆ ರೈಲು ಓಡಿದರೆ ಭೂಮಿ ನಿಧಾನವಾಗುವುದೇ?

ಪ್ರಶ್ನೆ: ಹುಬ್ಬಳ್ಳಿಯಿಂದ ಗದಗಿಗೆ ದಿನವೂ ರೈಲಿನಲ್ಲಿ ಓಡಾಡುತ್ತೇನೆ. ರೈಲು ಪೂರ್ವಕ್ಕೆ ಓಡುವಾಗ ಹಳಿಯನ್ನು ಪಶ್ಚಿಮಕ್ಕೆ ಒತ್ತುತ್ತದೆ. ಭೂಮಿ ತಿರುಗುವುದೂ ಪೂರ್ವಕ್ಕೇ. ಹಾಗಾದರೆ ಭೂಮಿಯ ವೇಗ ಕಡಿಮೆಯಾಗಬೇಕಲ್ಲವೇ ಎಂದು ಕೇಳಿದ್ದಕ್ಕೆ ಬೋಗಿಯವರೆಲ್ಲ ನಕ್ಕರು. ನನ್ನ ಲೆಕ್ಕ ತಪ್ಪೇ?
– ಒಬ್ಬ ಓದುಗ, ಹುಬ್ಬಳ್ಳಿ

ಉತ್ತರ: ತಪ್ಪು ನಕ್ಕವರದು. ರೈಲು ಓಡುವಷ್ಟು ಹೊತ್ತು ಭೂಮಿ ನಿಜವಾಗಿಯೂ ನಿಧಾನವಾಗುತ್ತದೆ. ಉಣಕಲ್ ಕೆರೆಯಲ್ಲಿ ದೋಣಿಯಿಂದ ದಡಕ್ಕೆ ಜಿಗಿದರೆ ದೋಣಿ ಹಿಂದಕ್ಕೆ ಸರಿಯುತ್ತದೆ. ನಿಮ್ಮ ರೈಲಿಗೆ ಭೂಮಿಯೇ ದೋಣಿ.

ಆದರೆ ಬಲು ದೊಡ್ಡ ದೋಣಿ. 1000 ಟನ್ನಿನ ರೈಲು ಗಂಟೆಗೆ 100 ಕಿ.ಮೀ. ವೇಗದಲ್ಲಿ ನೇರ ಪೂರ್ವಕ್ಕೆ ಓಡುತ್ತಿದೆ ಎಂದುಕೊಂಡು ಲೆಕ್ಕ ಹಾಕಿದೆ. ಒಂದು ಸೆಕೆಂಡನ್ನು ಕೋಟಿ ಭಾಗ ಮಾಡಿ, ಅದರಲ್ಲೊಂದನ್ನು ಮತ್ತೆ ಕೋಟಿ ಭಾಗ ಮಾಡಿ. ಸಿಕ್ಕ ಚೂರಿನ ಕಾಲು ಭಾಗದಷ್ಟು ದಿನ ಉದ್ದವಾಗುತ್ತದೆ. ಅದೂ ಕೈಗಡವೇ. ಗದಗಿನಲ್ಲಿ ಬ್ರೇಕ್ ಹಾಕಿದಾಗ ಚಕ್ರಗಳು ಹಳಿಯನ್ನು ಪೂರ್ವಕ್ಕೆ ತಳ್ಳಿ ಪಡೆದದ್ದನ್ನೆಲ್ಲ ಹಿಂತಿರುಗಿಸುತ್ತವೆ. ಭೂಮಿ ಮತ್ತು ರೈಲಿನ ಒಟ್ಟು ಕೋನೀಯ ಸಂವೇಗದಲ್ಲಿ, ಅಂದರೆ ಭಾರ, ವೇಗ, ಅಕ್ಷದಿಂದಿರುವ ದೂರ ಮೂರೂ ಸೇರಿದ ತಿರುಗುವಿಕೆಯ ಮೊತ್ತದಲ್ಲಿ, ಎಳ್ಳಷ್ಟೂ ವ್ಯತ್ಯಾಸವಿಲ್ಲ. ಸಂಜೆ ಮರಳುವಾಗ ಇದೇ ಲೆಕ್ಕ ತಿರುವುಮುರುವಾಗಿ ಭೂಮಿ ತುಸು ಬೇಗ ತಿರುಗುತ್ತದೆ. ಮನೆಗೆ ತಡವಾದರೆ ಭೂಮಿಯನ್ನು ದೂರಬೇಡಿ!

ಗಾಳಿಯದೂ ಇದೇ ಕೈಗಡದ ವ್ಯವಹಾರ, ಮೊತ್ತ ಮಾತ್ರ ದೊಡ್ಡದು. ಉತ್ತರಾರ್ಧಗೋಳದ ಚಳಿಗಾಲದಲ್ಲಿ ಎತ್ತರದ ಗಾಳಿ ಪೂರ್ವದತ್ತ ರಭಸದಿಂದ ಬೀಸುವಾಗ ಭೂಮಿ ನಿಧಾನವಾಗುತ್ತದೆ, ಜುಲೈ–ಆಗಸ್ಟ್ ಹೊತ್ತಿಗೆ ಚುರುಕಾಗುತ್ತದೆ. ಈ ಏರಿಳಿತ ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್. ಪರಮಾಣು ಗಡಿಯಾರಗಳ ನೆರವಿನಿಂದ ಇದನ್ನು ಅಳೆಯುತ್ತಾರೆ.

ಇನ್ನೊಂದು ದಾರಿ, ಭಾರವನ್ನು ಅಕ್ಷದಿಂದ ದೂರ ಅಥವಾ ಹತ್ತಿರ ಸರಿಸುವುದು. ತಿರುಗುವ ಕುರ್ಚಿಯಲ್ಲಿ ಕುಳಿತು, ಎರಡೂ ಕೈಯಲ್ಲಿ ನೀರು ತುಂಬಿದ ಬಾಟಲಿ ಹಿಡಿದು ಕೈ ಚಾಚಿ ನೋಡಿ, ವೇಗ ತಗ್ಗುತ್ತದೆ. ಮಡಚಿದರೆ ಏರುತ್ತದೆ. (ತಲೆ ಸುತ್ತಿದರೆ ನಾನು ಹೊಣೆಯಲ್ಲ.) ಚೀನಾದ ತ್ರೀ ಗಾರ್ಜಸ್ ಜಲಾಶಯ ತುಂಬಿದಾಗ ದಿನ 0.06 ಮೈಕ್ರೋಸೆಕೆಂಡ್ ಉದ್ದವಾಗುತ್ತದೆಂದು ನಾಸಾ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ನಮಗೆ ಕುಡಿಯುವ ನೀರು ಕೊಡುವ ನವಿಲುತೀರ್ಥ ಜಲಾಶಯ ತುಂಬಿದಾಗಲೂ ನಡೆಯುವುದು ಇದೇ, ಇನ್ನೂ ಸೂಕ್ಷ್ಮವಾಗಿ. 2011ರ ಜಪಾನ್ ಭೂಕಂಪ ಇದಕ್ಕೆ ವಿರುದ್ಧ. ಅದು ದಿನವನ್ನು 1.8 ಮೈಕ್ರೋಸೆಕೆಂಡಿನಷ್ಟು ಮೊಟಕುಗೊಳಿಸಿತೆಂಬುದು ನಾಸಾದವರದೇ ಇನ್ನೊಂದು ಲೆಕ್ಕ.

ಪಡೆದದ್ದನ್ನು ಹಿಂತಿರುಗಿಸದವನು ಚಂದ್ರ. ಅವನ ಸೆಳೆತಕ್ಕೆ ಕಡಲು ಉಬ್ಬುತ್ತದೆ. ಭೂಮಿ ತಿರುಗುವ ರಭಸ ಆ ಉಬ್ಬನ್ನು ಚಂದ್ರನಿಗಿಂತ ತುಸು ಮುಂದಕ್ಕೆ ಒಯ್ಯುತ್ತದೆ, ಚಂದ್ರ ಅದನ್ನು ಹಿಂದಕ್ಕೆಳೆಯುತ್ತಾನೆ. ಭೂಮಿ ಕಳೆದುಕೊಂಡದ್ದು ಅವನ ಪಾಲಾಗಿ, ಅವನು ವರ್ಷಕ್ಕೆ 3.8 ಸೆಂ.ಮೀ. ದೂರ ಸರಿಯುತ್ತಾನೆ. ಬೇರೆ ಕಾರಣಗಳನ್ನೂ ಸೇರಿಸಿದರೆ ದಿನ ನೂರು ವರ್ಷಕ್ಕೆ 1.7 ಮಿಲಿಸೆಕೆಂಡಿನಷ್ಟು ಉದ್ದವಾಗುತ್ತಿದೆ.

ಇಷ್ಟೇನಾ ಎನ್ನಬೇಡಿ, ಪ್ರತಿದಿನದ ಕೊರತೆಯೂ ಖಾತೆಗೆ ಜಮೆಯಾಗುತ್ತದೆ. ಕ್ರಿ.ಪೂ. 136ರಲ್ಲಿ ಬ್ಯಾಬಿಲೋನಿನವರು ಒಂದು ಖಗ್ರಾಸ ಸೂರ್ಯಗ್ರಹಣವನ್ನು ಕಂಡು ಮಣ್ಣಿನ ಹಲಗೆಯ ಮೇಲೆ ಬರೆದಿಟ್ಟರು. ಭೂಮಿ ಅಂದಿನಿಂದ ಇಂದಿನ ವೇಗದಲ್ಲೇ ತಿರುಗುತ್ತ ಬಂದಿದ್ದರೆ ಆ ಗ್ರಹಣ ಅಲ್ಲಿ ಖಗ್ರಾಸವಾಗುತ್ತಲೇ ಇರಲಿಲ್ಲ. ಅದರ ನೆರಳು ಸಾವಿರಾರು ಕಿ.ಮೀ. ಪಶ್ಚಿಮಕ್ಕೆ, ಸ್ಪೇನಿನ ಬಳಿ ಬೀಳಬೇಕಿತ್ತು. ಖಾತೆಯಲ್ಲಿನ ಬಾಕಿ ಮೂರು ಗಂಟೆಗೂ ಹೆಚ್ಚು.