ಯಜಮಾನನ ಸಾಲಕ್ಕೆ ಗದ್ದೆ ಹರಾಜಾದ ಮೇಲೂ ಕೇಸು ಯಾಕೆ?

1880ರ ಸುಮಾರಿಗೆ ಮಂಗಳೂರು ಕಡೆ ಕೋರ್ಟಿನಲ್ಲಿ ಹರಾಜಾದ ಭೂಮಿಗೂ ಮತ್ತೆ ದಾವೆ ಬೀಳುತ್ತಿದ್ದದ್ದು ಯಾಕೆ ಅಂತ ಕೇಳಿದ್ದೀರಿ.

ಮುಖ್ಯ ಕಾರಣ ಅಳಿಯಸಂತಾನ, ಅಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುವ ಪದ್ಧತಿ. ಆಸ್ತಿ ಇಡೀ ಕುಟುಂಬದ್ದು, ಯಜಮಾನ ನೋಡಿಕೊಳ್ಳುವವನು ಅಷ್ಟೇ. ಅವನ ಸಾಲ ಕುಟುಂಬದ ಅಗತ್ಯಕ್ಕೆ ಆಗಿದ್ದರೆ ಮಾತ್ರ ಆಸ್ತಿಗೆ ತಟ್ಟುತ್ತಿತ್ತು. ತಂಗಿಯ ಮದುವೆಗೋ, ತೀರ್ವೆ (ಭೂಕಂದಾಯ) ಕಟ್ಟಲೋ ತಂದ ಸಾಲ ಸರಿ. ಸ್ವಂತ ಚಟಕ್ಕೆ ಮಾಡಿದ್ದಾದರೆ? ಆಗ ತಂಗಿಯರು, ಅಳಿಯಂದಿರು (ತಂಗಿಯರ ಗಂಡುಮಕ್ಕಳು) ಕೋರ್ಟಿಗೆ ಹೋಗುತ್ತಿದ್ದರು. ನ್ಯಾಯವೇ ಅಲ್ವಾ, ಉಣ್ಣುವ ಅನ್ನ ಅವರದ್ದೂ ಹೌದು.

ಹರಾಜು ಹಿಡಿದವನಿಗೂ ನೆಮ್ಮದಿ ಕಡಿಮೆ. ಸಾಲಗಾರನಿಗೆ ಇದ್ದ ಹಕ್ಕಷ್ಟೇ ಅವನಿಗೆ ಬರುತ್ತಿತ್ತು. ಗದ್ದೆಯಲ್ಲಿ ಮೊದಲೇ ಮೂಲಗೇಣಿಯವನಿದ್ದರೆ, ಅಂದರೆ ಕಾಯಂ ಗೇಣಿದಾರನಿದ್ದರೆ, ಸುಮ್ನೆ ಎಬ್ಬಿಸುವ ಹಾಗಿಲ್ಲ. ವರ್ಷಕ್ಕಿಷ್ಟು ಮುಡಿ (ಹುಲ್ಲಿನಲ್ಲಿ ಕಟ್ಟಿದ ಮೂಟೆ) ಅಕ್ಕಿ ಅಂತ ಗೊತ್ತಾದ ಗೇಣಿ ತೆಗೆದುಕೊಳ್ಳಬೇಕು, ಅಷ್ಟೇ.

1894ರಲ್ಲಿ ಗದ್ದೆ ಕಳೆದುಕೊಂಡವರಿಗೆ ಇನ್ನೊಂದು ದಾರಿ ತೆರೆಯಿತು. ಹರಾಜಾದ 30 ದಿನದೊಳಗೆ ಸಾಲದ ಹಣ, ಜೊತೆಗೆ ಖರೀದಿ ಮೊತ್ತದ 5% ಕೋರ್ಟಿಗೆ ಕಟ್ಟಿದರೆ ಹರಾಜು ರದ್ದಾಗುತ್ತಿತ್ತು.