ಹೊಳೆ ಊದಿಕೊಳ್ಳುವುದಿಲ್ಲ

ಪ್ರಿಯ ಬರಹಗಾರರಿಗೆ,

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ನುಗ್ಗಿದ ಊರು, ದಿಬ್ಬದ ಮೇಲಿನ ಶಾಲೆಯಲ್ಲಿ ನಾಲ್ಕು ದಿನ ಕಳೆದು ಮನೆಗೆ ಮರಳುವ ಆಯಿ ಮತ್ತು ಮೊಮ್ಮಗಳು, ಹಗ್ಗ ಬಿಚ್ಚಿ ಬಿಟ್ಟುಹೋದ ಎಮ್ಮೆ. ವಸ್ತು ಗಟ್ಟಿಯಾಗಿದೆ. ಆದರೂ ಈಗಿರುವ ಹಾಗೆ ಅಚ್ಚು ಹಾಕಲಾರೆ. ಕಾರಣ ಒಂದೇ, ಬಿಡಿಸಿ ಹೇಳುತ್ತೇನೆ.

ನಿಮ್ಮ ಕಥೆಯಲ್ಲಿ ಎಲ್ಲವೂ ಇದ್ದದ್ದಕ್ಕಿಂತ ದೊಡ್ಡದಾಗುತ್ತದೆ: ಹೊಳೆ, ಆಯಿಯ ಕಾಲು, ಕಡಲೆ ಚೀಲ, ಬಾಗಿಲು, ಎಮ್ಮೆಯ ಕೆಚ್ಚಲು, ಕೊನೆಗೆ ಹುಡುಗಿಯ ಮನಸ್ಸು. ನೀರು ಹೊಕ್ಕ ಊರಿನಲ್ಲಿ ಆಗುವುದೇ ಹಾಗೆ, ಅದನ್ನು ನೀವು ಗಮನಿಸಿದ್ದು ದೊಡ್ಡದು. ಆದರೆ ಇವೆಲ್ಲಕ್ಕೂ ‘ಊದಿಕೊಂಡಿತು’, ‘ವಿಸ್ತರಿಸಿತು’ ಎಂಬ ಎರಡೇ ಮಾತು ಬಳಸಿದ್ದೀರಿ. ಈ ಕೆಲಸಕ್ಕೆ ಕನ್ನಡದಲ್ಲಿ ಹಿಡಿ ತುಂಬ ಕ್ರಿಯಾಪದಗಳಿವೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಒಳಗೆ ತುಂಬಿರುವುದು ಉಸಿರೋ, ನೀರೋ, ಹಾಲೋ, ನೋವೋ ಎಂಬುದನ್ನು ನೋಡಿ ಮಾತು ಆರಿಸಬೇಕು.

ಮೊದಲ ಸಾಲೇ ‘ಹೊಳೆ ಊದಿಕೊಂಡಿತು’. ಊದುವುದು ಉಸಿರಿನ ಕೆಲಸ. ಶಂಖ ಊದುತ್ತೇವೆ, ಒಲೆ ಊದುತ್ತೇವೆ. ಗಾಳಿ ತುಂಬಿದಂತೆ ಕಾಣುವ ಮೈಗೂ ಅದೇ ಮಾತು ಬಂತು, ಮುನಿಸಿಕೊಂಡು ಮುಖ ಊದಿಸಿ ಕೂತ ಮಗುವಿಗೂ ಬಂತು. ಅದರಿಂದಲೇ ಊತ, ಉರಿಯ ಜೊತೆ ಸೇರಿ ಉರಿಯೂತ. ಹೊಳೆಗೆ ಇದು ಒಗ್ಗದು. ಹೊಳೆ ಏರುತ್ತದೆ, ತುಂಬುತ್ತದೆ. ಒಲೆಯ ಮೇಲಿನ ಹಾಲಿನ ಹಾಗೆ ಅಂಚು ಮೀರಿದರೆ ಉಕ್ಕುತ್ತದೆ. ನಿಮ್ಮ ಸೀಮೆಯ ಜನ ಇದಾವುದನ್ನೂ ಹೇಳದೆ ‘ಹೊಳಿ ಬಂತು’ ಎಂದುಬಿಡುತ್ತಾರೆ. ಆ ಎರಡು ಮಾತಿನಲ್ಲಿ ಊರು ಬಿಟ್ಟು ಓಡುವ ಅವಸರವೆಲ್ಲ ಇದೆ. ಆರಂಭಕ್ಕೆ ಅದನ್ನೇ ಇಡಿ.

‘ಆಯಿಯ ಪಾದ ವಿಸ್ತರಿಸಿತ್ತು.’ ವಿಸ್ತರಿಸುವುದು ರಸ್ತೆ, ಸಚಿವ ಸಂಪುಟ. ಕಾಲು ಬಾತುಕೊಳ್ಳುತ್ತದೆ. ಬಾವು ಎಂದಾಕ್ಷಣ ನೋವೂ ಜೊತೆಗೇ ಬರುತ್ತದೆ. ಮಂಗನಬಾವು ಬಂದ ಮಗುವಿನ ಕೆನ್ನೆ ನೆನಪಿಸಿಕೊಳ್ಳಿ. ‘ಕಾಲು ಬಾತಾವ’ ಎಂದು ಆಯಿಯೇ ಹೇಳಲಿ, ನೀವು ವಿವರಿಸಬೇಕಿಲ್ಲ.

ಈಗ ಎಮ್ಮೆ. ಇಲ್ಲಿ ಮಾತು ತಪ್ಪಿದ್ದರಿಂದ ಕಥೆಯೇ ತಪ್ಪಿದೆ. ‘ಕೆಚ್ಚಲು ಊದಿತ್ತು’ ಎಂದು ಬರೆದು, ಮುಂದಿನ ಸಾಲಿನಲ್ಲೇ ಹುಡುಗಿ ಹಾಲು ಹಿಂಡಿ ಆಯಿಗೆ ಕುಡಿಸುತ್ತಾಳೆ. ಹಾಲು ತುಂಬಿ ನಿಂತ ಕೆಚ್ಚಲು ಬಿಗಿಯುತ್ತದೆ. ಹಿಂಡುವವರಿಲ್ಲದೆ, ಕೆಸರಿನಲ್ಲಿ ನಿಂತು ರೋಗ ಹೊಕ್ಕರೆ ಅದು ಕೆಚ್ಚಲುಬಾವು. ಆಗ ಕೆಚ್ಚಲು ಬಿಸಿಯಾಗಿ ಗಟ್ಟಿಯಾಗುತ್ತದೆ, ಮುಟ್ಟಿದರೆ ಎಮ್ಮೆ ಒದೆಯುತ್ತದೆ, ಬರುವ ಹಾಲು ಒಡೆದು ಗಡ್ಡೆಗಡ್ಡೆಯಾಗಿರುತ್ತದೆ. ಅದನ್ನು ಯಾರಿಗೂ ಕುಡಿಸುವುದಿಲ್ಲ, ಹಿಂಡಿ ನೆಲಕ್ಕೆ ಚೆಲ್ಲುತ್ತಾರೆ. ಬಿಗಿದಿತ್ತೋ, ಬಾತಿತ್ತೋ? ನೀವು ತೀರ್ಮಾನಿಸಲೇಬೇಕು. ನನ್ನನ್ನು ಕೇಳಿದರೆ ಬಾವೇ ಆಗಲಿ: ನಾಲ್ಕು ದಿನದ ಮೇಲೆ ಸಿಕ್ಕ ಎಮ್ಮೆಯ ಹಾಲನ್ನು ಆ ಹುಡುಗಿ ನೆಲಕ್ಕೆ ಹಿಂಡುವ ದೃಶ್ಯ ನಿಮ್ಮ ಕೈಯಲ್ಲಿದೆ, ನೀವೇ ಅದನ್ನು ಕಂಡಿಲ್ಲ.

ಕಡಲೆಗೆ ಒಂದೇ ಮಾತು ಸಾಕು. ನೆಂದ ಕಡಲೆ ಹೆಚ್ಚುಕಡಿಮೆ ತನ್ನ ತೂಕದಷ್ಟೇ ನೀರು ಕುಡಿಯುತ್ತದೆ. ‘ನೆಂದು ಉಬ್ಬಿ, ಚೀಲದ ಹೊಲಿಗೆ ಬಿಟ್ಟಿತ್ತು.’ ಉಬ್ಬು ಹೊರಮೈಯ ಮಾತು. ಹೆಂಚಿನ ಮೇಲಿನ ರೊಟ್ಟಿ ಉಬ್ಬುವುದು, ಕಡಲಿನ ಉಬ್ಬರ, ಈಗಿನ ಹಣದುಬ್ಬರ ಎಲ್ಲವೂ ಆ ಮನೆಯವೇ.

ಬಾಗಿಲಿನ ಪುಟ ನಿಮ್ಮ ಕಥೆಯ ಜೀವ. ನೀರಿಳಿದ ಮೇಲೂ ತೆರೆಯದ ಬಾಗಿಲನ್ನು ಓದುತ್ತ ನನ್ನ ಗಂಟಲು ಕಟ್ಟಿತು. ಆದರೆ ಕದ ‘ಮೇಲಕ್ಕೂ ಕೆಳಕ್ಕೂ ಊದಿ ಹೊಸ್ತಿಲಿಗೆ ಕಚ್ಚಿತ್ತು’ ಎಂದಿದ್ದೀರಿ. ಮರ ನೀರು ಕುಡಿದರೆ ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ, ಎಳೆಯ ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ನಿಂತ ಹಲಗೆಯ ಜೋಡಿ ಕದ ಅಗಲಕ್ಕೆ ಹಿಗ್ಗಿ, ನಟ್ಟನಡುವೆ ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಹಿಂದೆ ಬಂಡೆ ಸೀಳಲು ಒಣ ಮರದ ಬೆಣೆ ಬಡಿದು ನೀರು ಹೊಯ್ಯುತ್ತಿದ್ದರು. ಮುದುಕಿ ಮತ್ತು ಹುಡುಗಿ ಅಂಥ ಬಲದ ಎದುರು ಹೆಗಲು ಕೊಟ್ಟು ನಿಂತಿದ್ದಾರೆ.

ಹಿಗ್ಗು ಸಂತೋಷಕ್ಕೂ ಆಗುವ ಮಾತು, ಕುಗ್ಗು ಅದರ ಜೋಡಿ. ಕಮ್ಮಾರರು ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟಿ ತೊಡಿಸುವುದೂ ಇವೆರಡರ ಬಲದಿಂದಲೇ: ಕಾಯಿಸಿದರೆ ಹಿಗ್ಗುತ್ತದೆ, ನೀರು ಬಿದ್ದರೆ ಕುಗ್ಗಿ ಬಿಗಿಯುತ್ತದೆ. ಎಮ್ಮೆ ಸಿಕ್ಕಾಗ ‘ಅವಳ ಹೃದಯ ವಿಸ್ತರಿಸಿತು’ ಎಂದದ್ದನ್ನು ‘ಹಿಗ್ಗಿದಳು’ ಎಂದು ತಿದ್ದಲು ಹೇಳಬಹುದಿತ್ತು, ಹೇಳುವುದಿಲ್ಲ. ಮನೆಯ ಬಾಗಿಲೇ ತೆರೆಯದ ದಿನ ಅವಳು ಹಿಗ್ಗಲಾರಳು. ಆ ಸಾಲು ತೆಗೆದುಬಿಡಿ, ಅವಳು ಎಮ್ಮೆಯ ಕೊರಳು ಸವರಿದ್ದು ಇದೆಯಲ್ಲ, ಅಷ್ಟು ಸಾಕು.

ತಿದ್ದಿ ಮತ್ತೆ ಕಳಿಸಿ, ಕಾಯುತ್ತೇನೆ. ಆಯಿ ಕದದ ಮೇಲೆ ಅಂಗೈ ಇಟ್ಟು ‘ಇದೂ ಭಾಳ ನೀರು ಕುಡದೈತಿ’ ಅನ್ನುತ್ತಾಳಲ್ಲ, ಅಲ್ಲಿ ಮಾತ್ರ ಒಂದಕ್ಷರವನ್ನೂ ಮುಟ್ಟಬೇಡಿ.